ಮೂರನೇ ಪಿನ್

ಬಾಡಿಗೆ ಮನೆ ನೋಡಲು ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಸ್ವಿಚ್ ಬೋರ್ಡ್ ಕಡೆಗೆ. ಮೂರು ತೂತಿನ ಸಾಕೆಟ್ ಇದ್ದರೆ ಸಾಲದು, ಮೇಲಿನ ದೊಡ್ಡ ತೂತಿನ ಹಿಂದೆ ಲೀಕಾದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್‌ನ ಹಸಿರು ವೈರ್ ಇರಬೇಕು. ಎಷ್ಟೋ ಹಳೇ ಮನೆಗಳಲ್ಲಿ ಅದು ಇರುವುದೇ ಇಲ್ಲ.

ಪ್ಲಗ್‌ನಲ್ಲಿ ಅರ್ಥ್ ಪಿನ್ ಮಾತ್ರ ಯಾಕೆ ಉದ್ದ ಗೊತ್ತಾ? ಚುಚ್ಚುವಾಗ ಅದೇ ಮೊದಲು ತಾಗಬೇಕು, ಕೀಳುವಾಗ ಅದೇ ಕೊನೆಗೆ ಬಿಡಬೇಕು. ಇಸ್ತ್ರಿ ಪೆಟ್ಟಿಗೆಯ ಲೋಹಕ್ಕೆ ಕರೆಂಟ್ ಬಂದರೂ ಅದು ಆ ದಾರಿ ಹಿಡಿದು ನೆಲಕ್ಕೆ ಇಳಿಯಲಿ ಅಂತ. ಯಾರೋ ಕೂತು ಎಷ್ಟು ಕಾಳಜಿಯಿಂದ ಯೋಚಿಸಿದ್ದಾರೆ ಅಲ್ವಾ! ಸುಮ್ನೆ ಒಂದು ಟೂ ಪಿನ್ ಅಡಾಪ್ಟರ್ ಸಿಕ್ಕಿಸಿದರೆ ಅಷ್ಟೂ ವ್ಯರ್ಥ.

'ಎಂಸಿಬಿ ಇದೆಯಲ್ಲ' ಅಂತಾರೆ ಓನರ್‌ಗಳು. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಆ ಸ್ವಿಚ್ ತಾನಾಗೇ ಬಿದ್ದು ಕರೆಂಟ್ ಕಡಿಯುತ್ತದೆ, ನಿಜ. ಆದರೆ ಜೀವ ತೆಗೆಯಲು ಅಷ್ಟೆಲ್ಲ ಕರೆಂಟ್ ಬೇಕಾಗಿಲ್ಲ. ಸಣ್ಣ ಲೀಕೇಜ್ ಹಿಡಿದು ಕರೆಂಟ್ ಕಡಿಯುವ ಸ್ವಿಚ್ ಅಂದರೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ, ಟಕ್ ಅಂತ ಬೀಳಬೇಕು. ಬೀಳದಿದ್ದರೆ ಇವತ್ತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಸ್ವಂತ ಮನೆಯಾದರೆ ಬೇಸಿಗೆಯಲ್ಲಿ ಆ ಹಸಿರು ವೈರ್ ಕೊನೆಗೆ ಸೇರುವ ಅರ್ಥಿಂಗ್ ಗುಂಡಿಗೆ ಒಂದೆರಡು ಕೊಡ ನೀರು ಹಾಕಿ. ಮಣ್ಣು ಒಣಗಿದರೆ ಕರೆಂಟ್ ಸಲೀಸಾಗಿ ಇಳಿಯುವುದಿಲ್ಲ.