ಸೈನಸ್ ಸರ್ಜರಿಗೆ ಮುಂಚೆ ಸಿ.ಟಿ.ಯಲ್ಲಿ ಏನೇನು ನೋಡಬೇಕು

ಎಂಡೋಸ್ಕೋಪಿಕ್ ಸೈನಸ್ ಸರ್ಜರಿಗೆ ಮುಂಚೆ ತೆಗೆಸುವ ಸಿ.ಟಿ.ಯಲ್ಲಿ ಕಾಯಿಲೆ ಎಷ್ಟು ತುಂಬಿದೆ ಎಂದಷ್ಟೇ ನೋಡಿ ಕೆಳಗಿಡುವವರಿದ್ದಾರೆ. ಅದು ಅರ್ಧ ಕೆಲಸ. ಈ ರೋಗಿಯ ಕಣ್ಣು, ಮೆದುಳು, ಮೆದುಳಿಗೆ ರಕ್ತ ಒಯ್ಯುವ ಕೆರೊಟಿಡ್ ರಕ್ತನಾಳ ಎಲ್ಲಿವೆ, ಅವುಗಳ ಮೇಲೆ ಎಷ್ಟು ಮೂಳೆ ಉಳಿದಿದೆ ಎಂಬುದು ಉಳಿದರ್ಧ. ಸ್ಲೈಸ್ 1 ಮಿ.ಮೀ.ಗಿಂತ ದಪ್ಪ ಇರಬಾರದು. ಕೊರೋನಲ್ (ಎದುರಿನಿಂದ), ಆಕ್ಸಿಯಲ್ (ಅಡ್ಡಲಾಗಿ), ಸ್ಯಾಜಿಟಲ್ (ಪಕ್ಕದಿಂದ) ಮೂರೂ ನೋಟಗಳನ್ನು ತೆರೆಯಿರಿ. ಎಡಗಡೆ ಇದ್ದಂತೆಯೇ ಬಲಗಡೆಯೂ ಇರುತ್ತದೆ ಎಂದುಕೊಳ್ಳಬೇಡಿ.

ಮೊದಲು ಎಥ್ಮಾಯ್ಡ್ ಛಾವಣಿ, ಅಂದರೆ ಎರಡು ಕಣ್ಣುಗಳ ನಡುವಿನ ಸೈನಸ್ ಕೋಶಗಳನ್ನು ಮೆದುಳಿನಿಂದ ಬೇರ್ಪಡಿಸುವ ಮೂಳೆ. ವಾಸನೆ ನರಗಳು ಕೂರುವ ತಗ್ಗು ಎಷ್ಟು ಆಳವಿದೆ ಎಂಬುದರ ಮೇಲೆ ಕೆರೋಸ್ 1962ರಲ್ಲಿ ಮಾಡಿದ ವಿಂಗಡಣೆ ಈಗಲೂ ಬಳಕೆಯಲ್ಲಿದೆ: 1ರಿಂದ 3 ಮಿ.ಮೀ. ಮೊದಲ ಬಗೆ, 4ರಿಂದ 7 ಎರಡನೆಯದು, 8ರಿಂದ 16 ಮೂರನೆಯದು. ತಗ್ಗು ಆಳವಾದಷ್ಟೂ ಅದರ ಪಕ್ಕದ ಗೋಡೆಯಾದ ಲ್ಯಾಟರಲ್ ಲ್ಯಾಮೆಲ್ಲಾ ಉದ್ದವಾಗುತ್ತದೆ. ತಲೆಬುರುಡೆಯ ತಳದಲ್ಲೇ ಅತಿ ತೆಳುವಾದ ಮೂಳೆ ಇದು, ಮುಂಭಾಗದ ಎಥ್ಮಾಯ್ಡ್ ಅಪಧಮನಿ ಹಾಯುವಲ್ಲಿ ಇನ್ನೂ ತೆಳು. ಮೂಗಿನೊಳಗೆ ಪಕ್ಕದಿಂದ ಚಾಚಿದ ಮಧ್ಯದ ಟರ್ಬಿನೇಟ್ ಮೂಳೆಯನ್ನು ಹಿಡಿದು ತಿರುಚಿದರೆ ಆ ಬಲ ನೇರ ಇಲ್ಲಿಗೇ ಬರುತ್ತದೆ, ಮೂಳೆ ಬಿರಿದು ಮೆದುಳಿನ ದ್ರವ ಮೂಗಿಗೆ ಸೋರುತ್ತದೆ. ಒಂದು ಬದಿ ಎರಡನೇ ಬಗೆ, ಇನ್ನೊಂದು ಬದಿ ಮೂರನೇ ಬಗೆ ಇದ್ದರೆ ಮೊದಲ ಬದಿ ಸಲೀಸಾಗಿ ಮುಗಿದ ಧೈರ್ಯದಲ್ಲೇ ಎರಡನೇ ಬದಿಯಲ್ಲಿ ಎಡವಟ್ಟಾಗುತ್ತದೆ.

ನನ್ನ ಪ್ರಕಾರ ಅತಿ ಹೆಚ್ಚು ಕಣ್ತಪ್ಪುವುದು ಒನೋಡಿ ಸೆಲ್. ಇದರಲ್ಲಿ ಹಿಂಭಾಗದ ಎಥ್ಮಾಯ್ಡಿನ ಕೊನೆಯ ಕೋಶ ಅದರ ಹಿಂದಿರುವ ಸೈನಸ್ ಆದ ಸ್ಫೀನಾಯ್ಡಿನ ಮೇಲೆ, ಹೊರಬದಿಗೆ ಬೆಳೆದಿರುತ್ತದೆ. ದೃಷ್ಟಿಯ ಆಪ್ಟಿಕ್ ನರ ಆ ಕೋಶದ ಗೋಡೆಯಲ್ಲೇ ಹಾದುಹೋಗುತ್ತದೆ, ಕೆಲವೊಮ್ಮೆ ಮೂಳೆಯ ಹೊದಿಕೆಯೂ ಇಲ್ಲದೆ. ಕೊರೋನಲ್ ಚಿತ್ರದಲ್ಲಿ ಸ್ಫೀನಾಯ್ಡಿಗೆ ಅಡ್ಡ ಗೋಡೆ ಕಂಡರೆ ಮೇಲಿನ ಕೋಣೆ ಬಹುತೇಕ ಒನೋಡಿ. ಗೊತ್ತಿಲ್ಲದವರು ಸ್ಫೀನಾಯ್ಡ್ ಹುಡುಕುತ್ತಾ ಈ ಕೋಶದ ಹಿಂಗೋಡೆಯನ್ನು ನೇರ ಹಿಂದಕ್ಕೆ ತಳ್ಳುತ್ತಾರೆ. ಸ್ಫೀನಾಯ್ಡ್ ಇರುವುದು ಒಳಕ್ಕೆ ಮತ್ತು ಕೆಳಕ್ಕೆ. ಮೇಲಿನ ಟರ್ಬಿನೇಟಿನ ಒಳಬದಿಯಲ್ಲಿ ಅದರ ಸಹಜ ದ್ವಾರ ಹುಡುಕಿ, ಅಲ್ಲಿಂದ ಒಳಹೋಗುವುದೇ ಸುರಕ್ಷಿತ.

ಸ್ಫೀನಾಯ್ಡಿನ ನಡುಗೋಡೆ ನಡುವೆಯೇ ಇರಬೇಕೆಂದಿಲ್ಲ. ಎಷ್ಟೋ ಸಲ ಓರೆಯಾಗಿ ಹೋಗಿ ಕೆರೊಟಿಡ್ ಮೇಲಿನ ಮೂಳೆಗೇ ಅಂಟಿರುತ್ತದೆ. ಅಂಥದ್ದನ್ನು ತಿರುಚಿ ಕೀಳಬಾರದು, ಕತ್ತರಿಸುವ ಉಪಕರಣವೇ ಬೇಕು. ಆಕ್ಸಿಯಲ್ ಚಿತ್ರದಲ್ಲಿ ಇದು ಚೆನ್ನಾಗಿ ಕಾಣುತ್ತದೆ.

ಕಾಂಕಾ ಬುಲ್ಲೋಸಾ (ಒಳಗೆ ಗಾಳಿ ತುಂಬಿದ ಟರ್ಬಿನೇಟ್), ಹ್ಯಾಲರ್ ಸೆಲ್ (ಕಣ್ಣಿನ ಗೂಡಿನ ತಳದಲ್ಲಿ ಬೆಳೆದ ಎಥ್ಮಾಯ್ಡ್ ಕೋಶ) ರಿಪೋರ್ಟಿನಲ್ಲಿ ಬಂದಾಗ ರೋಗಿಗಳು ಗಾಬರಿಯಾಗುತ್ತಾರೆ. ಸೈನಸ್ ಬರಿದಾಗುವ ದಾರಿಯನ್ನು ಕಟ್ಟಿದ್ದರೆ ಮಾತ್ರ ಅವುಗಳಿಗೆ ಕೈಹಾಕಬೇಕು.

ಕಣ್ಣಿನ ಕಡೆಯ ಗೋಡೆ, ಲ್ಯಾಮಿನಾ ಪ್ಯಾಪಿರೇಸಿಯಾ, ಹಳೆಯ ಪೆಟ್ಟಿನಿಂದಲೋ ಹುಟ್ಟಿನಿಂದಲೋ ಎಲ್ಲಾದರೂ ಬಿಟ್ಟುಕೊಂಡಿದೆಯೇ ನೋಡಿ. ಮುಂಭಾಗದ ಎಥ್ಮಾಯ್ಡ್ ಅಪಧಮನಿ ಕೊರೋನಲ್ ಚಿತ್ರದಲ್ಲಿ ಆ ಗೋಡೆಯಿಂದ ಸಣ್ಣ ಮೊನೆಯಂತೆ ಹೊರಡುತ್ತದೆ. ಅದು ಛಾವಣಿಯಿಂದ ಕೆಳಗೆ ಜೋತುಬಿದ್ದಿದ್ದರೆ ಕತ್ತರಿಗೆ ಸಿಗುವ ಅಪಾಯ ಹೆಚ್ಚು. ತುಂಡಾದ ತುದಿ ಕಣ್ಣಿನ ಗೂಡಿನೊಳಕ್ಕೆ ಸರಿದು ಅಲ್ಲೇ ರಕ್ತ ತುಂಬಿಸುತ್ತದೆ. ಹಾಗಾಗಿ ಸರ್ಜರಿಯುದ್ದಕ್ಕೂ ಕಣ್ಣುಗಳ ಮೇಲೆ ಬಟ್ಟೆ ಮುಚ್ಚಬೇಡಿ. ಕಣ್ಣುಗುಡ್ಡೆ ಉಬ್ಬಿ ಗಟ್ಟಿಯಾದರೆ ಮೂಗಿನ ಪ್ಯಾಕ್ ಇದ್ದರೆ ತೆಗೆಯಿರಿ, ಸ್ಕ್ಯಾನಿಗೆ ಕಾಯದೆ ಕಣ್ಣಿನ ಹೊರಮೂಲೆಯನ್ನು ಕತ್ತರಿಸಿ ಒತ್ತಡ ಇಳಿಸುವ ಕ್ಯಾಂಥಾಟಮಿ ಮಾಡಿ, ಕೆಳರೆಪ್ಪೆಯನ್ನು ಅಲ್ಲಿ ಹಿಡಿದಿರುವ ಕೆಳಗಿನ ಕ್ಯಾಂಥಲ್ ಪಟ್ಟಿಯನ್ನು ಬಿಡಿಸಿ, ಕಣ್ಣಿನ ತಜ್ಞರನ್ನು ಕರೆಸಿ. ಗಂಟೆಗಟ್ಟಲೆ ತಡವಾದರೆ ದೃಷ್ಟಿ ವಾಪಸ್ ಬರುವುದಿಲ್ಲ.