ಬೇರೆ ಕೈಬರಹದ ಮೂರು

ಈ ವಾರ ಅಮೆರಿಕದ ಹಳೆಯ ಚುನಾವಣೆಗಳ ಬಗ್ಗೆ ಮಾತು ಬಂದಾಗ, ಗೆಳೆಯರೊಬ್ಬರು 1864ರ ಅಧ್ಯಕ್ಷ ಚುನಾವಣೆಗೆ ಮುನ್ನ ನೆವಾಡಾವನ್ನು ರಾಜ್ಯ ಮಾಡಲು ಅದರ ಇಡೀ ಸಂವಿಧಾನವನ್ನು ತಂತಿಯಲ್ಲಿ ಕಳಿಸಿದ ಕತೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟರು: “ಲಿಂಕನ್ ಹೇಗೂ ಗೆಲ್ಲೋನಿದ್ದ. ಮೂರು ಓಟಿಗೆ ಅಷ್ಟು ದುಡ್ಡು ಸುರಿದು ತಂತಿ ಕಳಿಸಿದ್ದು ಶುದ್ಧ ದಂಡ ಕಣ್ರೀ.” ಚೆನ್ನಾಗಿ ಓದಿಕೊಂಡವರು ಅವರು, ಹಾಗಾಗಿಯೇ ಆ ಮಾತು ಇನ್ನೂ ಚುಚ್ಚುತ್ತಿದೆ. ಫಲಿತಾಂಶ ತಿಳಿದವರು ಕೂತು, ಅದು ತಿಳಿಯದೆ ಒದ್ದಾಡಿದವರ ಅವಸರಕ್ಕೆ ಬೆಲೆ ಕಟ್ಟುವುದು ಅನ್ಯಾಯ.

ಆ ಮಾತು ನೆನಪಾದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಒಂದು ಕಾಗದ. 1864ರ ಅಕ್ಟೋಬರ್ 13, ವಾಷಿಂಗ್ಟನ್ನಿನ ಯುದ್ಧ ಇಲಾಖೆಯ ತಂತಿ ಕಚೇರಿ. ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾಗಳಲ್ಲಿ ರಾಜ್ಯಮಟ್ಟದ ಮತದಾನ ನಡೆದು ಎರಡೇ ದಿನವಾಗಿತ್ತು. ಲಿಂಕನ್ ಒಂದು ಹಾಳೆ ತೆಗೆದುಕೊಂಡು ನವೆಂಬರಿನ ಅಧ್ಯಕ್ಷ ಚುನಾವಣೆಯ ಲೆಕ್ಕ ಹಾಕಿದರು. ಅಲ್ಲಿ ಅಧ್ಯಕ್ಷರನ್ನು ಆರಿಸುವುದು ಪ್ರತಿ ರಾಜ್ಯಕ್ಕೆ ಇಂತಿಷ್ಟೆಂದು ಗೊತ್ತಾದ ಎಲೆಕ್ಟರ್‌ಗಳ ಓಟು, ಹಾಳೆಯಲ್ಲಿದ್ದದ್ದು ಆ ಓಟುಗಳು. ಎದುರಾಳಿ ಮೆಕ್ಲೆಲನ್ ಕಡೆಗೆ ನ್ಯೂಯಾರ್ಕ್ 33, ಪೆನ್ಸಿಲ್ವೇನಿಯಾ 26, ಇಲಿನಾಯ್ 16, ಮಿಸೌರಿ 11, ಕೆಂಟಕಿ 11, ನ್ಯೂಜೆರ್ಸಿ 7, ಮೇರಿಲ್ಯಾಂಡ್ 7, ಡೆಲವೇರ್ 3. ಒಟ್ಟು 114. ಇಲಿನಾಯ್ ಅವರದೇ ರಾಜ್ಯ, ಅದನ್ನೂ ಎದುರಾಳಿಗೇ ಬರೆದುಕೊಟ್ಟಿದ್ದರು. ತಮ್ಮ ಕಡೆಗೆ ಹಾಕಿಕೊಂಡದ್ದು 117. ಅದರ ಕೆಳಗೆ ನೆವಾಡಾದ 3 ಇದೆ, ಆದರೆ ಆ ಕೈಬರಹ ಲಿಂಕನ್ನರದಲ್ಲ. ಕಚೇರಿಯ ಮುಖ್ಯಸ್ಥ ಮೇಜರ್ ಥಾಮಸ್ ಎಕರ್ಟ್ ಅದನ್ನು ಸೇರಿಸಿ ಮೊತ್ತವನ್ನು 120 ಮಾಡಿದರು.

ಈಗ ಆ ಹಾಳೆಯ ಮೇಲೆಯೇ ಲೆಕ್ಕ ಮಾಡಿ ನೋಡಿ. ಲಿಂಕನ್ ತಮ್ಮದೆಂದು ಬರೆದುಕೊಂಡವುಗಳಲ್ಲಿ 3 ಓಟಿನ ಆರೆಗಾನ್ ಒಂದೇ ಕೈತಪ್ಪಿ ಎದುರಾಳಿಗೆ ಹೋಗಿದ್ದರೂ, ನೆವಾಡಾ ಇಲ್ಲದೆ ಮೆಕ್ಲೆಲನ್ 117, ಲಿಂಕನ್ 114. ನೆವಾಡಾ ಇದ್ದರೆ 117–117, ಯಾರಿಗೂ ಬಹುಮತವಿಲ್ಲ. ಆಗ ತೀರ್ಮಾನ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅಲ್ಲಿ ರಾಜ್ಯಕ್ಕೆ ಒಂದೇ ಓಟು, ಜನಸಂಖ್ಯೆ ಲೆಕ್ಕಕ್ಕಿಲ್ಲ. ನ್ಯೂಯಾರ್ಕಿಗೂ ಒಂದು, ಬೆಳ್ಳಿಗಣಿಗಳ ಸುತ್ತ ಕಟ್ಟಿಕೊಂಡ ನಾಲ್ಕಾರು ಊರುಗಳ ನೆವಾಡಾಕ್ಕೂ ಒಂದು. ಇದನ್ನೆಲ್ಲ ಗೆಳೆಯರಿಗೆ ಆಗಲೇ ಹೇಳಬೇಕಿತ್ತು.

ಆದರೆ ಅಕ್ಟೋಬರ್ 13ರಂದು ನೆವಾಡಾ ರಾಜ್ಯವೇ ಆಗಿರಲಿಲ್ಲ. ರಾಜ್ಯವಾಗಲು ಅವಕಾಶ ಕೊಟ್ಟ ಮಾರ್ಚ್ 21ರ ಕಾಯ್ದೆಯ ಪ್ರಕಾರ ಅಲ್ಲಿನ ಜನ ತಮ್ಮ ರಾಜ್ಯದ ಸಂವಿಧಾನಕ್ಕೆ ಒಪ್ಪಿಗೆ ಕೊಡಬೇಕು, ಗವರ್ನರ್ ಅದರ ದೃಢೀಕರಿಸಿದ ಪ್ರತಿಯನ್ನು ಅಧ್ಯಕ್ಷರಿಗೆ ಕಳಿಸಬೇಕು, ಆಮೇಲೆ ಅಧ್ಯಕ್ಷರ ಘೋಷಣೆ. ಜನರ ಮತಕ್ಕೆ ಮೊದಲು ಅಕ್ಟೋಬರನ್ನು ಗೊತ್ತುಮಾಡಿದ್ದರು. ಹಾಗಾದರೆ ನವೆಂಬರಿಗೆ ಮುಟ್ಟುವುದಿಲ್ಲವೆಂದು ಕಾಂಗ್ರೆಸ್ ಮೇ ತಿಂಗಳಲ್ಲಿ ಅದನ್ನು ಸೆಪ್ಟೆಂಬರಿಗೆ ಎಳೆಯಿತು. ಅವಸರ ಎಲ್ಲಿತ್ತು ಎನ್ನುವುದು ಅಲ್ಲೇ ಕಾಣುತ್ತದೆ. ನೆವಾಡಾದ ಬೆಳ್ಳಿ ಬೇಕಿತ್ತು, ಅದಕ್ಕೇ ರಾಜ್ಯ ಮಾಡಿದರು ಎಂಬ ಮಾತು ಈಗಲೂ ಓಡಾಡುತ್ತದೆ, ನಾನು ಒಪ್ಪುವುದಿಲ್ಲ. 1861ರಿಂದಲೇ ಅದು ಒಕ್ಕೂಟದ ಪ್ರಾಂತ್ಯ, ಬೆಳ್ಳಿಗೆ ರಾಜ್ಯದ ಪಟ್ಟ ಬೇಕಿರಲಿಲ್ಲ. ಪಟ್ಟ ಬೇಕಿದ್ದದ್ದು ಓಟಿಗೆ.

ಜನ ಇದಕ್ಕೆ ಕಣ್ಣುಮುಚ್ಚಿ ಒಪ್ಪಿದವರೂ ಅಲ್ಲ. ಇನ್ನೂ ಏನೂ ಸಿಗದ ಗಣಿಗೂ ತೆರಿಗೆ ಬೀಳುತ್ತದೆಂದು 1864ರ ಜನವರಿಯಲ್ಲಿ ಮೊದಲ ಸಂವಿಧಾನವನ್ನು ಭಾರಿ ಅಂತರದಲ್ಲಿ ತಿರಸ್ಕರಿಸಿದ್ದರು. ಜುಲೈ 4ರಂದು ಕಾರ್ಸನ್ ಸಿಟಿಯಲ್ಲಿ ಮತ್ತೆ ಸೇರಿದವರು ಗಣಿಯ ಉತ್ಪತ್ತಿಗೆ ಮಾತ್ರ ತೆರಿಗೆ ಎಂದು ತಿದ್ದಿದರು. ಸೆಪ್ಟೆಂಬರ್ 7ರಂದು 10,375 ಮಂದಿ ಪರ, 1,284 ಮಂದಿ ವಿರುದ್ಧ.

ಉಳಿದದ್ದು ಪ್ರತಿ ಕಳಿಸುವ ಕೆಲಸ. ಗವರ್ನರ್ ಜೇಮ್ಸ್ ನೈ ಒಂದನ್ನು ನೆಲದ ದಾರಿಯಲ್ಲಿ, ಇನ್ನೊಂದನ್ನು ಸಮುದ್ರದ ದಾರಿಯಲ್ಲಿ ಕಳಿಸಿದ್ದರು. ಒಂದು ತಪ್ಪಿದರೆ ಇನ್ನೊಂದು ಇರಲಿ ಎಂಬ ಎಚ್ಚರ ಒಳ್ಳೆಯದೇ. ಆದರೆ ದೇಶದ ಎರಡು ತುದಿಗಳನ್ನು ಕೂಡಿಸುವ ತಂತಿ ಬಂದು ಮೂರು ವರ್ಷವಾಗಿತ್ತು, ಮೊದಲೇ ಆ ಯೋಚನೆ ಬರಬೇಕಿತ್ತು. ಅಕ್ಟೋಬರ್ ಕೊನೆಯ ವಾರಕ್ಕೂ ಕಾಗದ ವಾಷಿಂಗ್ಟನ್ ಮುಟ್ಟಿರಲಿಲ್ಲ. ಮತದಾನ ನವೆಂಬರ್ 8ಕ್ಕೆ.

ಅಕ್ಟೋಬರ್ 26ರಂದು ಕಾರ್ಸನ್ ಸಿಟಿಯಲ್ಲಿ ಜೇಮ್ಸ್ ಗಿಲ್ಡ್ ಎಂಬ ತಂತಿ ನೌಕರ ಕೀಲಿಯ ಮುಂದೆ ಕೂತರು. 16,543 ಪದ, ಒಂದೊಂದು ಅಕ್ಷರವನ್ನೂ ಚುಕ್ಕೆ ಗೆರೆಗಳಲ್ಲಿ ಬಡಿಯಬೇಕು. ವಾಷಿಂಗ್ಟನ್ನಿಗೆ ನೇರ ತಂತಿ ಇರಲಿಲ್ಲ. ಸಾಲ್ಟ್ ಲೇಕ್ ಸಿಟಿಯಲ್ಲಿ ಒಬ್ಬರು ಟಕ್ ಟಕ್ ಸದ್ದು ಕೇಳಿ ಬರೆದುಕೊಂಡು ಷಿಕಾಗೊಗೆ ಮತ್ತೆ ಬಡಿಯಬೇಕು, ಅಲ್ಲಿಂದ ಫಿಲಡೆಲ್ಫಿಯಾಕ್ಕೆ, ಅಲ್ಲಿಂದ ಅದೇ ಯುದ್ಧ ಇಲಾಖೆಯ ಕಚೇರಿಗೆ. ದಾರಿ ಉದ್ದವಾದಷ್ಟೂ ಸಂಕೇತ ಸೊರಗುತ್ತದೆ, ನಡುವೆ ಕೈ ಬದಲಿಸಲೇಬೇಕು. ಪ್ರತಿ ಕೈ ಬದಲಾವಣೆಯಲ್ಲೂ ತಪ್ಪಿಗೆ ಒಂದು ಬಾಗಿಲು ತೆರೆಯುತ್ತದೆ. ಕುಶಲ ವಿಚಾರಿಸುವ ತಂತಿಯಲ್ಲಿ ಒಂದು ಪದ ಹೋದರೆ ಊಹಿಸಿಕೊಳ್ಳಬಹುದು, ಸಂವಿಧಾನದಲ್ಲಿ ಒಂದು “ಇಲ್ಲ” ಬಿಟ್ಟುಹೋದರೆ ಕಾನೂನೇ ತಲೆಕೆಳಗು. ಎರಡು ದಿನ ಹಿಡಿಯಿತು. ಬಿಲ್ಲು 4,303 ಡಾಲರ್ 27 ಸೆಂಟ್, ಪದಕ್ಕೆ ಸುಮಾರು 26 ಸೆಂಟ್. ವಾಷಿಂಗ್ಟನ್ನಿನಲ್ಲಿ ಇಳಿಸಿಕೊಂಡ ಕೈಬರಹದ ಪ್ರತಿ 175 ಪುಟ. ಗೆಳೆಯರು “ದಂಡ” ಎಂದದ್ದು ಈ ಕೆಲಸಕ್ಕೆ. ನೈ ಸೆನೆಟರ್ ಆದರು, ಎಕರ್ಟ್ ಇತಿಹಾಸ ಸೇರಿದರು. ಗಿಲ್ಡ್ ಹೆಸರನ್ನು ಹುಡುಕಿ ಓದುವವರಷ್ಟೇ ಬಲ್ಲರು. ಆ ಸರಪಳಿಯಲ್ಲಿ ನನಗೆ ಎಲ್ಲರಿಗಿಂತ ದೊಡ್ಡವರಾಗಿ ಕಾಣುವುದು ಅವರೇ.

ಅಕ್ಟೋಬರ್ 31ರಂದು ಘೋಷಣೆ ಹೊರಬಿತ್ತು, ಎಂಟು ದಿನಕ್ಕೆ ಮತದಾನ. ನೆವಾಡಾದಲ್ಲಿ ಲಿಂಕನ್‌ಗೆ 9,826, ಮೆಕ್ಲೆಲನ್‌ಗೆ 6,594. ಬಿದ್ದ ಓಟುಗಳ ಸಂಖ್ಯೆಯೂ ತಂತಿಯ ಪದಗಳ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ. ದೇಶದಲ್ಲಿ ಮೆಕ್ಲೆಲನ್ ಗೆದ್ದದ್ದು ಕೆಂಟಕಿ, ನ್ಯೂಜೆರ್ಸಿ, ಡೆಲವೇರ್ ಮಾತ್ರ, ಬರೀ 21. ಗೆಳೆಯರ ಮಾತಿಗೆ ಬಲ ಬರುವುದು ಇಲ್ಲಿಂದ.

ಲಿಂಕನ್ ಲೆಕ್ಕಕ್ಕೆ ಬಂದದ್ದು 212. ಅಲ್ಲಿ 213 ಇರಬೇಕಿತ್ತು. ನೆವಾಡಾದ ಮೂವರು ಎಲೆಕ್ಟರ್‌ಗಳಲ್ಲಿ ಡಿಸೆಂಬರ್ 7ರಂದು ಓಟು ಹಾಕಿದವರು ಇಬ್ಬರೇ. ಮೂರನೆಯವರು ಹಿಮದಲ್ಲಿ ಸಿಕ್ಕಿಕೊಂಡರು ಎನ್ನುವುದು ಎಲ್ಲರೂ ಕೊಡುವ ಕಾರಣ. ಎಲೆಕ್ಟರ್‌ಗಳೆಲ್ಲ ದೇಶದಾದ್ಯಂತ ಒಂದೇ ದಿನ ಓಟು ಹಾಕಬೇಕು, ತಡವಾಗಿ ಬಂದವರಿಗೆ ಅವಕಾಶವಿಲ್ಲ. ಗೈರಾದವರ ಜಾಗ ತುಂಬುವ ಕಾಯ್ದೆಯನ್ನು ಆಯಾ ರಾಜ್ಯದ ಶಾಸನಸಭೆ ಮಾಡಿಕೊಳ್ಳಬಹುದಿತ್ತು. ನೆವಾಡಾದ ಮೊದಲ ಶಾಸನಸಭೆ ಸೇರಬೇಕಾಗಿದ್ದದ್ದು ಡಿಸೆಂಬರ್ 12ಕ್ಕೆ, ಐದು ದಿನ ತಡವಾಗಿ. ಸಂವಿಧಾನವನ್ನು ಸಾವಿರಾರು ಮೈಲಿ ದಾಟಿಸಿದವರು ತಮ್ಮದೇ ಊರಿಗೆ ಒಬ್ಬ ಮನುಷ್ಯನನ್ನು ಕರೆತರಲಾಗಲಿಲ್ಲ ಎನ್ನುವುದು ನನಗೆ ಈಗಲೂ ಸಂಕಟ.

ಹಾಗೆಂದು ಶ್ರಮ ವ್ಯರ್ಥವಾಗಲಿಲ್ಲ. ಹೊಸ ರಾಜ್ಯದ ಪ್ರತಿನಿಧಿ ಹೆನ್ರಿ ವರ್ದಿಂಗ್ಟನ್ 1865ರ ಜನವರಿ 31ರಂದು ಗುಲಾಮಗಿರಿ ಕೊನೆಗೊಳಿಸುವ 13ನೇ ತಿದ್ದುಪಡಿಗೆ ಓಟು ಹಾಕಿದರು. ಪರ 119, ವಿರುದ್ಧ 56. ಹಾಜರಿದ್ದು ಓಟು ಹಾಕಿದ 175 ಮಂದಿಯಲ್ಲಿ ಬೇಕಿದ್ದ ಮೂರನೇ ಎರಡು ಪಾಲೆಂದರೆ 117, ಮಿಕ್ಕಿದ್ದು ಎರಡೇ. ಫೆಬ್ರವರಿ 16ರಂದು ನೆವಾಡಾ ಶಾಸನಸಭೆಯೂ ಅನುಮೋದಿಸಿತು.

ಆದರೆ ಅದೇ 175 ಪುಟಗಳ ಸಂವಿಧಾನ ಓಟಿನ ಹಕ್ಕು ಕೊಟ್ಟದ್ದು ಬಿಳಿಯ ಗಂಡಸರಿಗೆ ಮಾತ್ರ. ಆ ನೆಲದವರೇ ಆದ ಪೈಯೂಟ್, ವಾಶೋ ಜನರಿಗೆ ಇಲ್ಲ, ಕರಿಯರಿಗೆ ಇಲ್ಲ, ಹೆಂಗಸರಿಗೆ ಇಲ್ಲ. ಗಣಿ ತೆರಿಗೆಯ ಸಿಟ್ಟಿನಲ್ಲಿ ಮೊದಲ ಸಂವಿಧಾನವನ್ನು ಕೆಡವಲು ಮುಂದೆ ನಿಂತಿದ್ದ ವಕೀಲ ವಿಲಿಯಂ ಸ್ಟೂವರ್ಟ್ ಸೆನೆಟರ್ ಆಗಿ, ಬಣ್ಣದ ಕಾರಣಕ್ಕೆ ಮತದಾನದ ಹಕ್ಕು ಕಸಿಯಬಾರದೆನ್ನುವ 15ನೇ ತಿದ್ದುಪಡಿಯನ್ನು ರೂಪಿಸಿದವರಲ್ಲಿ ಪ್ರಮುಖರಾದರು. ಗಣಿ ಮಾಲೀಕರ ಪರ ಅವರ ವಕಾಲತ್ತು ನನಗೆ ಹಿಡಿಸದು, ಈ ಕೆಲಸಕ್ಕೆ ಮಾತ್ರ ಪೂರ್ತಿ ಗೌರವವಿದೆ. 1869ರ ಮಾರ್ಚ್ 1ರಂದು ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ರಾಜ್ಯ ನೆವಾಡಾ. ಅಲ್ಲಿನ ಹೆಂಗಸರು ತಮ್ಮ ಓಟಿಗೆ 1914ರವರೆಗೆ ಕಾಯಬೇಕಾಯಿತು.