ಹಲ್ಲು ಕ್ಲೀನಿಂಗ್: ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದು

ರಾಯಚೂರು, ಕೊಪ್ಪಳದ ಖಾಸಗಿ ಕ್ಲಿನಿಕ್‌ಗಳಲ್ಲಿ ಸ್ಕೇಲಿಂಗ್‌ಗೆ, ಅಂದರೆ ಹಲ್ಲಿಗಂಟಿದ ಗಟ್ಟಿ ಪಾಚಿ ತೆಗೆಯುವ ಕ್ಲೀನಿಂಗ್‌ಗೆ, ಸುಮಾರು 500ರಿಂದ 1500 ರೂಪಾಯಿ ಆಗಬಹುದು. ಪಾಲಿಶಿಂಗ್ ಅದರಲ್ಲೇ ಸೇರಿದೆಯೇ, ಬೇರೆ ಬಿಲ್ಲೇ ಎಂದು ಕುರ್ಚಿ ಹತ್ತುವ ಮೊದಲೇ ಕೇಳಿ. ಬಳ್ಳಾರಿಯ ಸರ್ಕಾರಿ ದಂತ ಕಾಲೇಜಿನಲ್ಲಿ ಖರ್ಚು ಕಡಿಮೆ, ಆದರೆ ಅರ್ಧ ದಿನ ಇಟ್ಟುಕೊಂಡೇ ಹೋಗಬೇಕು.

ಇಲ್ಲಿಯವರು ಮೋಸಹೋಗುವುದು ಕಲೆಯ ವಿಷಯದಲ್ಲಿ. ಗುಟ್ಕಾ, ಎಲೆಅಡಿಕೆ, ಚಹಾದ ಕಲೆ ಹಲ್ಲಿನ ಮೇಲಿರುತ್ತದೆ, ಕ್ಲೀನಿಂಗ್‌ಗೆ ಹೋಗುತ್ತದೆ. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಬಂದ ಕಂದು ಕಲೆ ಹಾಗಲ್ಲ. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗಲೇ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರದೊಳಗೆ ಕೂತಿರುತ್ತದೆ. ಅದನ್ನು ತೆಗೆಸಲು ಸ್ಕೇಲಿಂಗ್‌ಗೆ ದುಡ್ಡು ಹಾಕಬೇಡಿ, ಅದರ ಚಿಕಿತ್ಸೆಯೇ ಬೇರೆ.

ಸ್ಕೇಲಿಂಗ್ ಯಂತ್ರದ ತುದಿ ಅತಿವೇಗವಾಗಿ ಕಂಪಿಸಿ, ನೀರು ಚಿಮ್ಮಿಸುತ್ತ ಗಟ್ಟಿ ಪಾಚಿಯನ್ನು ಒಡೆಯುತ್ತದೆ. ಕೆಳಗಿನ ಮುಂಬಲ್ಲುಗಳ ಒಳಬದಿಯಲ್ಲಿ ಜೊಲ್ಲಿನ ಖನಿಜ ಸೇರಿ ಇದು ಹೆಚ್ಚು. ನಂತರ ಸಂದು ಕಂಡರೆ ಹಲ್ಲು ಸವೆಯಿತೆಂದಲ್ಲ, ಅಲ್ಲಿ ತುಂಬಿದ್ದ ಪಾಚಿ ಹೋಗಿದೆ, ಅಷ್ಟೇ. ಕೆಲವು ದಿನ ತಣ್ಣೀರು ಜುಮ್ಮೆನ್ನಿಸಬಹುದು.

ಪಾಚಿ ವಸಡಿನೊಳಗೆ ಆಳಕ್ಕಿಳಿದಿದ್ದರೆ ಜಾಗವನ್ನು ಮರಗಟ್ಟಿಸಿ, ಬಾಯಿಯನ್ನು ನಾಲ್ಕು ಭಾಗ ಮಾಡಿಕೊಂಡು ಕ್ಲೀನ್ ಮಾಡುತ್ತಾರೆ. ದರವೂ ಭಾಗವಾರು ಇರಬಹುದು. ರಕ್ತ ತೆಳುಮಾಡುವ ಮಾತ್ರೆ, ಪೇಸ್‌ಮೇಕರ್ ಇದ್ದರೆ ದಯವಿಟ್ಟು ಮೊದಲೇ ಹೇಳಿ.